ಮಿಂದು ಬಂದ ಮೇಲೆ ಮೈಯೆಲ್ಲ ತುರಿಕೆ: ಬಾವಿ ನೀರಿನ ತಪ್ಪಾ?

ಪ್ರಶ್ನೆ: ಸ್ನಾನ ಮಾಡಿ ಮೈ ಒರೆಸಿಕೊಂಡ ಐದು ನಿಮಿಷಕ್ಕೆ ಕಾಲಿನಿಂದ ಶುರುವಾಗಿ ಮೈಯೆಲ್ಲ ಇರುವೆ ಹರಿದ ಹಾಗೆ ತುರಿಕೆ. ಮುಕ್ಕಾಲು ಗಂಟೆ ಬಿಡುವುದಿಲ್ಲ. ಮೈಮೇಲೆ ನೋಡಿದರೆ ಒಂದು ಗುಳ್ಳೆಯೂ ಇಲ್ಲ. ಸೋಪು ಬದಲಿಸಿದೆ, ಬಿಟ್ಟೂ ನೋಡಿದೆ. ಬಾವಿ ನೀರೇ ಸರಿ ಇಲ್ಲ ಅನ್ನುತ್ತಾರೆ ಮನೆಯವರು. ಫಿಲ್ಟರ್ ಹಾಕಿಸಬೇಕಾ?

ಉತ್ತರ: ಫಿಲ್ಟರಿನ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ.

ಕಾಸರಗೋಡಿನವರಿಗೆ ನೀರಿನ ಮೇಲೆ ಅನುಮಾನ ಬರುವುದು ಸಹಜವೇ. ಎಣ್ಮಕಜೆ ಕಡೆಯ ಗೇರು ತೋಟಗಳ ಮೇಲೆ 2000ನೇ ಇಸವಿವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದನ್ನು ಯಾರು ಮರೆಯುತ್ತಾರೆ? ಆದರೆ ನಿಮ್ಮ ತುರಿಕೆಗೆ ಬೇರೆಯದೇ ಲಕ್ಷಣ ಇದೆ. ಮಂಗಳೂರಿನ ನೆಂಟರ ಮನೆಯಲ್ಲಿ ಮಿಂದರೂ, ಗುಡ್ಡದ ಸುರಂಗದ ನೀರು ಹೊಯ್ದುಕೊಂಡರೂ, ಮಳೆಯಲ್ಲಿ ನೆನೆದರೂ ಹೀಗೇ ಆಗುತ್ತದಾ ಅಂತ ಗಮನಿಸಿ. ಆಗುತ್ತದೆ ಅಂತಾದರೆ ನೀರಿನಲ್ಲಿ ಏನಿದೆ ಅನ್ನುವುದು ಪ್ರಶ್ನೆಯೇ ಅಲ್ಲ. ನೀರು ತಾಗಿದ್ದೇ ಸಾಕು.

ವೈದ್ಯರು ಇದನ್ನು ಅಕ್ವಾಜೆನಿಕ್ ಪ್ರುರೈಟಸ್ ಅನ್ನುತ್ತಾರೆ. 1981ರಲ್ಲಿ ಬ್ರಿಟನ್ನಿನ ಚರ್ಮವೈದ್ಯರು ಇದನ್ನು ಬೇರೆಯದೇ ಕಾಯಿಲೆ ಅಂತ ಗುರುತಿಸಿ ಬರೆದರು. ತಣ್ಣೀರೋ ಬಿಸಿನೀರೋ, ಮೈಗೆ ತಾಗಿದ ಅರ್ಧ ಗಂಟೆಯೊಳಗೆ ಶುರು. ಹತ್ತು ನಿಮಿಷದಿಂದ ಎರಡು ಗಂಟೆವರೆಗೂ ಇರಬಹುದು. ಅಂಗೈ, ಅಂಗಾಲು, ತಲೆಗೆ ಸಾಮಾನ್ಯವಾಗಿ ಬರುವುದಿಲ್ಲ. ಚರ್ಮ ಮಾತ್ರ ಎಂದಿನ ಹಾಗೇ ಇರುತ್ತದೆ. ಹಾಗಾಗಿಯೇ ಯಾರೂ ನಂಬುವುದಿಲ್ಲ, "ನಿನ್ನ ಮಂಡೆಯೊಳಗೇ ಇರುವುದು" ಅಂದುಬಿಡುತ್ತಾರೆ. ಇದರಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ.

ಹೀಗೇ ಕಾಣುವ ಬೇರೆ ತುರಿಕೆಗಳೂ ಇವೆ. ದದ್ದು ಎದ್ದರೆ ಅದು ಗಂದೆ. ನಮ್ಮಲ್ಲಿ ಪಿತ್ತ ಅಂತ ಪುನರ್ಪುಳಿ ಕೊಡುತ್ತಾರಲ್ಲ, ಅದು. ತೋಟದಲ್ಲಿ ಬೆವರು ಬಿಚ್ಚಿದಾಗ ತುರಿಸಿ ಸಣ್ಣ ಸಣ್ಣ ಗುಳ್ಳೆ ಎದ್ದರೆ ಕಾರಣ ಸೆಕೆ, ನೀರಲ್ಲ. ವಯಸ್ಸಾದವರಲ್ಲಿ ಬರೀ ಒಣ ಚರ್ಮವೂ ಸ್ನಾನದ ನಂತರ ಹೀಗೆ ಕಾಡುತ್ತದೆ. ಅವರಿಗೆ ಬಿಸಿನೀರು ಕಡಿಮೆ ಮಾಡಿ ಎಣ್ಣೆ ಹಚ್ಚಿದರೆ ಎಷ್ಟೋ ವಾಸಿ. ರಾತ್ರಿ ಜಾಸ್ತಿ ತುರಿಸಿ, ಮನೆಯ ಉಳಿದವರಿಗೂ ಹರಡಿದರೆ ಕಜ್ಜಿ ಇರಬಹುದು.

ಇನ್ನು ರಕ್ತದ ವಿಷಯ. ಪಾಲಿಸೈತೀಮಿಯಾ ವೆರಾ ಅಂತ ಒಂದು ಕಾಯಿಲೆ. ಮೂಳೆಯೊಳಗಿನ ಮಜ್ಜೆ ಕೆಂಪು ರಕ್ತಕಣಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತದೆ. ರಕ್ತ ದಪ್ಪವಾಗುತ್ತದೆ, ಹೆಪ್ಪುಗಟ್ಟಿ ಲಕ್ವ, ಹೃದಯಾಘಾತ ಆಗುವ ಅಪಾಯ ಇರುತ್ತದೆ. ಈ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಸ್ನಾನದ ತುರಿಕೆ ಬರುತ್ತದೆ. ಕೆಲವರಲ್ಲಿ ಕಾಯಿಲೆ ಪತ್ತೆಯಾಗುವ ಎಷ್ಟೋ ವರ್ಷ ಮೊದಲೇ ತುರಿಕೆ ಶುರುವಾಗಿರುತ್ತದೆ. ಹಾಗಂತ ತುರಿಕೆ ಇರುವವರಿಗೆಲ್ಲ ಈ ಕಾಯಿಲೆ ಇರುತ್ತದೆ ಅಂತ ಗಾಬರಿಯಾಗಬೇಡಿ. ಎಷ್ಟೋ ಜನರಿಗೆ ಎಲ್ಲ ಪರೀಕ್ಷೆ ಆದ ಮೇಲೂ ಕಾರಣವೇ ಸಿಗುವುದಿಲ್ಲ.

ಬೇಕಾದ್ದು ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ. ಬದಿಯಡ್ಕದಲ್ಲಾಗಲಿ ಉಪ್ಪಳದಲ್ಲಾಗಲಿ, ಸಾಮಾನ್ಯ ಲ್ಯಾಬಿನಲ್ಲೇ ಆಗುತ್ತದೆ. ವರದಿಯಲ್ಲಿ ಎರಡು ಸಾಲು ನೋಡಿ. ಹಿಮೋಗ್ಲೋಬಿನ್ ಗಂಡಸರಿಗೆ 16.5, ಹೆಂಗಸರಿಗೆ 16 ದಾಟಿದೆಯಾ? ಪಿಸಿವಿ ಅಥವಾ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಗಂಡಸರಿಗೆ ಶೇ. 49, ಹೆಂಗಸರಿಗೆ ಶೇ. 48 ದಾಟಿದೆಯಾ? ದಾಟಿದ್ದರೆ ಜಾಕ್-2 ಅನ್ನುವ ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಈ ಕಾಯಿಲೆಯವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಗೆ ಅದರಲ್ಲಿ ಬದಲಾವಣೆ ಇರುತ್ತದೆ. ಸುಸ್ತು ಅಂತ ನೀವಾಗಿಯೇ ಕಬ್ಬಿಣದ ಟಾನಿಕ್ ಕುಡಿಯಬೇಡಿ. ಈ ಕಾಯಿಲೆ ಇದ್ದರೆ ಅದು ರಕ್ತವನ್ನು ಇನ್ನೂ ದಪ್ಪ ಮಾಡುತ್ತದೆ. ಜತೆಗೆ ಲಿವರ್, ಕಿಡ್ನಿ, ಥೈರಾಯ್ಡ್ ಪರೀಕ್ಷೆಯೂ ಆಗಲಿ. ನುಂಗುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ. ಸಿಬಿಸಿ ಸರಿ ಇದ್ದರೂ ವರ್ಷಕ್ಕೊಮ್ಮೆ ಮತ್ತೆ ಮಾಡಿಸುವುದು ಒಳ್ಳೆಯದು.

ಚಿಕಿತ್ಸೆ ಇದೆ, ಆದರೆ ಎಲ್ಲರಿಗೂ ಹಿಡಿಸುವ ಒಂದೇ ಔಷಧಿ ಇಲ್ಲ. ಸೆಟಿರಿಜಿನ್‌ನಂತಹ ಅಲರ್ಜಿ ಮಾತ್ರೆಯನ್ನು ಸ್ನಾನಕ್ಕೆ ಒಂದು ಗಂಟೆ ಮೊದಲು ತೆಗೆದುಕೊಂಡರೆ ಕೆಲವರಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಹಲವರಿಗೆ ಬರೀ ನಿದ್ದೆ ಬರುತ್ತದೆ. ಮನೆಯಲ್ಲೇ ಮಾಡಿ ನೋಡಬಹುದಾದದ್ದು ಅಡಿಗೆ ಸೋಡಾ. ವಿದೇಶದಲ್ಲಿ ಸ್ನಾನದ ತೊಟ್ಟಿಗೆ 25ರಿಂದ 200 ಗ್ರಾಂ ತನಕ ಹಾಕಿ ಮೈ ಮುಳುಗಿಸಿ ಕೂರುತ್ತಾರೆ. ನಮ್ಮ ಬಚ್ಚಲಲ್ಲಿ ತೊಟ್ಟಿ ಎಲ್ಲಿಂದ ತರುವುದು? ಬಕೆಟಿಗೆ ಒಂದೆರಡು ಚಮಚ ಕರಗಿಸಿ ಅದೇ ನೀರಲ್ಲಿ ಮೀಯಿರಿ. ತೊಟ್ಟಿಯಷ್ಟು ಪರಿಣಾಮ ಆಗಲಿಕ್ಕಿಲ್ಲ, ಖರ್ಚಂತೂ ಇಲ್ಲ. ಬಟ್ಟೆ ಸೋಡಾ ಮಾತ್ರ ಬೇಡ, ಅದು ಚರ್ಮ ಸುಡುತ್ತದೆ. ಮೆಣಸಿನ ಖಾರದ ಅಂಶದಿಂದ ಮಾಡಿದ ಕ್ಯಾಪ್ಸೈಸಿನ್ ಕ್ರೀಮ್ ಕೂಡ ಇದೆ. ಅದನ್ನು ಕೇಳಿ ಯಾರಾದರೂ ಗಾಂಧಾರಿ ಮೆಣಸು ಅರೆಯಲು ಹೊರಟರೆ ದಯವಿಟ್ಟು ತಡೆಯಿರಿ.

ಇವು ಯಾವುದೂ ಆಗದಿದ್ದರೆ ಅಲ್ಟ್ರಾವಯಲೆಟ್ ಬೆಳಕಿನ ಚಿಕಿತ್ಸೆ. ಫಲ ಸಿಗುವುದು ಇದರಲ್ಲೇ ಜಾಸ್ತಿ. ತೊಂದರೆ ಏನೆಂದರೆ ವಾರಕ್ಕೆ ಎರಡು ಮೂರು ಸಲ, ಎಷ್ಟೋ ವಾರ ಹೋಗಬೇಕು. ಅದಕ್ಕಾಗಿ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದಾದರೆ ಕಾಸರಗೋಡು ಪೇಟೆಯಿಂದಲೇ ಸುಮಾರು 50 ಕಿಲೋಮೀಟರ್, ದಿನವೇ ಮುಗಿಯಿತು. ನಿಲ್ಲಿಸಿದರೆ ಕೆಲವರಿಗೆ ತುರಿಕೆ ಮರಳುತ್ತದೆ. ಪ್ರೊಪ್ರನೊಲಾಲ್, ಗಾಬಾಪೆಂಟಿನ್, ಪ್ಯಾರಾಕ್ಸೆಟಿನ್ ಮಾತ್ರೆಗಳಿಂದಲೂ ಕೆಲವರಿಗೆ ಗುಣ ಕಂಡಿದೆ. ಪ್ಯಾರಾಕ್ಸೆಟಿನ್ ಬರೆದುಕೊಟ್ಟರೆ ಅದು ಖಿನ್ನತೆಯ ಮಾತ್ರೆ ಅಲ್ವಾ ಅಂತ ಬೇಸರ ಮಾಡಬೇಡಿ, ತುರಿಕೆಗೂ ಅದು ಕೆಲಸ ಮಾಡುತ್ತದೆ. ಪಾಲಿಸೈತೀಮಿಯಾ ಇದೆ ಅಂತಾದರೆ ದಾರಿ ಬೇರೆ. ರಕ್ತ ತೆಗೆಯುವುದು, ಆಸ್ಪಿರಿನ್, ರುಕ್ಸೊಲಿಟಿನಿಬ್ ಮಾತ್ರೆ ಇವೆಲ್ಲ ರಕ್ತರೋಗ ತಜ್ಞರ ಕೆಲಸ.

ಅಲ್ಲಿಯವರೆಗೆ ದಿನ ಕಳೆಯಬೇಕಲ್ಲ. ತಲೆಗೆ ತುರಿಕೆ ಬರುವುದಿಲ್ಲವಾದ್ದರಿಂದ ಬಗ್ಗಿ ನಿಂತು ತಲೆಯೊಂದನ್ನೇ ಬೇರೆ ತೊಳೆದುಕೊಳ್ಳಬಹುದು. ಮೈಗೆ ಚುಟುಕು ಸ್ನಾನ ಸಾಕು, ಅದೂ ಎಲ್ಲಿಗೂ ಹೋಗಲಿಕ್ಕಿಲ್ಲದ ಸಂಜೆ ಹೊತ್ತಿಗೆ. ಪೀರೆ ನಾರಿನಿಂದ ಉಜ್ಜುವುದು ಬೇಡ, ಬೈರಾಸು ಒತ್ತಿ ನೀರು ಹೀರಿಸಿ. ಮಡಿ ಅಂತ ದಿನಕ್ಕೆರಡು ಸಲ ಮೀಯುವ ಮನೆಯಾದರೆ ಹಿರಿಯರಿಗೆ ವೈದ್ಯರ ಚೀಟಿಯನ್ನೇ ತೋರಿಸಿ, ನಿಮ್ಮ ಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ. ತುರಿಕೆಯ ಜತೆ ಪದೇ ಪದೇ ತಲೆನೋವು, ಕಣ್ಣು ಮಂಜು, ಮುಖ ಕೆಂಪಾಗುವುದು, ಕಾಲ್ಬೆರಳು ಉರಿ, ಎಡ ಪಕ್ಕೆಯ ಕೆಳಗೆ ಭಾರ ಇದ್ದರೆ ಸೋಡಾ ಪ್ರಯೋಗ ಮಾಡುತ್ತಾ ಕೂರದೆ ಈ ವಾರವೇ ಸಿಬಿಸಿ ಮಾಡಿಸಿ. ಕಾಲು ಒಂದೇ ಬದಿ ಊದಿಕೊಂಡರೆ, ಎದೆನೋವು ಬಂದರೆ, ಮಾತು ತೊದಲಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.