ತೆಳು ತಗಡಿಗೆ ಒಗ್ಗುವ ವೆಲ್ಡಿಂಗ್ ಯಂತ್ರ

ಕಾರಿನ ದುರಸ್ತಿಗೆಂದು ವೆಲ್ಡಿಂಗ್ ಯಂತ್ರ ಕೊಳ್ಳಲು ಸಲಹೆ ಕೇಳುವವರಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಅದು ಗರಿಷ್ಠ ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದನ್ನು. ನಾನು ಅವರನ್ನು ತಿರುಗಿ ಕೇಳುವುದು, ಅದು ಕನಿಷ್ಠ ಎಷ್ಟಕ್ಕೆ ಇಳಿಯುತ್ತದೆ ಮತ್ತು ಇಳಿದಾಗಲೂ ಲೋಹ ಕರಗಿಸುವ ವಿದ್ಯುತ್ ಕಿಡಿ (ಆರ್ಕ್) ಸ್ಥಿರವಾಗಿ ನಿಲ್ಲುತ್ತದೆಯೇ ಎಂದು. ಕಾರಿನ ಹೊರಮೈ ತಗಡಿನ ದಪ್ಪ ಸಾಮಾನ್ಯವಾಗಿ 0.7ರಿಂದ 1 ಮಿ.ಮೀ. ಮಾತ್ರ, ತುಕ್ಕು ತಿಂದ ಅಂಚುಗಳಲ್ಲಿ ಅದು ಇನ್ನೂ ತೆಳು.

ಕಡ್ಡಿ ಹಾಕಿ ಬೆಸೆಯುವ ಆರ್ಕ್ ಯಂತ್ರ ಅಗ್ಗವೂ ಗಟ್ಟಿಮುಟ್ಟೂ ಆಗಿದ್ದರೂ ಬಾಡಿ ಕೆಲಸಕ್ಕೆ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. 2.5 ಮಿ.ಮೀ. ರಾಡ್ ಸರಿಯಾಗಿ ಉರಿಯುವಷ್ಟು ಕರೆಂಟ್ ಕೊಟ್ಟರೆ ತಗಡು ತೂತು ಬೀಳುತ್ತದೆ, ಮುಚ್ಚಲು ಹೋದಷ್ಟೂ ಆ ತೂತು ಅಗಲವಾಗುತ್ತದೆ.

ಈ ಕೆಲಸಕ್ಕೆ ಹೊಂದುವುದು ತಂತಿಯನ್ನು ತಾನೇ ನೂಕುತ್ತಾ, ಬೆಸುಗೆಗೆ ಗಾಳಿ ತಾಗದಂತೆ ಗ್ಯಾಸ್ ಹಾಯಿಸುವ ಮಿಗ್ ಯಂತ್ರ. ಅದು 30 ಆಂಪಿಯರ್ ಆಸುಪಾಸಿಗೆ ಇಳಿಯಬೇಕು, 0.6 ಮಿ.ಮೀ. ತಂತಿಯನ್ನು ಎಲ್ಲಿಯೂ ತಡೆಯದೆ ಒಂದೇ ಸಮನೆ ನೂಕಬೇಕು. ಬರೀ ಇಂಗಾಲದ ಡೈಆಕ್ಸೈಡ್ ಅಗ್ಗವಾದರೂ ಕಿಡಿ ಹೆಚ್ಚು ಸಿಡಿಯುತ್ತದೆ. ಅದನ್ನು ಸ್ವಲ್ಪ ಪ್ರಮಾಣದಲ್ಲಿ ಆರ್ಗಾನ್‌ಗೆ ಬೆರೆಸಿದ ಗ್ಯಾಸ್ ತೆಳು ತಗಡಿಗೆ ಮೃದುವಾಗಿ ಒಗ್ಗುತ್ತದೆ. ಸಿಲಿಂಡರಿನ ಖರ್ಚು ಉಳಿಸಲು ಒಳಗೆ ರಕ್ಷಕ ಪುಡಿ ತುಂಬಿದ, ಗ್ಯಾಸ್ ಬೇಡದ ಫ್ಲಕ್ಸ್ ತಂತಿಗೆ ಹೋಗುವವರಿದ್ದಾರೆ. ಗಾಳಿ ಬೀಸುವ ಬಯಲಿನಲ್ಲಿ ದಪ್ಪ ಕಬ್ಬಿಣಕ್ಕೆ ಅದು ಸರಿ, ಬಾಗಿಲಿನ ತಗಡಿಗೆ ಅಲ್ಲ. ಇನ್ನು ಗರಿಷ್ಠದ ಮಾತು: 2–3 ಮಿ.ಮೀ. ದಪ್ಪದ ಚಾಸಿಸ್ ಭಾಗಗಳಿಗೂ 150 ಆಂಪಿಯರ್ ಸಾಕಾಗುತ್ತದೆ.

ಕಲಿಯುವ ದಿನಗಳಲ್ಲಿ ನಾನು ಒಂದು ಬಾಗಿಲಿಗೆ ಅಂಗೈಯಗಲದ ತೇಪೆ ಹಾಕಿ, ಅಂಚಿನುದ್ದಕ್ಕೂ ನಿಲ್ಲಿಸದೆ ಬೆಸೆದೆ. ತಣಿಯುವಷ್ಟರಲ್ಲಿ ಬಾಗಿಲು ನೀರಿಗೆ ಬಿದ್ದ ಕಾಗದದಂತೆ ಅಲೆಅಲೆಯಾಗಿತ್ತು. ಆಮೇಲಿನಿಂದ ಒಂದು ಚುಕ್ಕೆ ಇಲ್ಲಿ, ಮುಂದಿನದು ಎದುರು ಅಂಚಿನಲ್ಲಿ ಎಂದು ಬಿಟ್ಟುಬಿಟ್ಟು ಬೆಸೆಯುತ್ತೇನೆ. ನಡುವೆ ಕೈಯಿಂದ ಮುಟ್ಟಲು ಆಗುವಷ್ಟು ತಗಡು ತಣಿಯಲೇಬೇಕು. ಹೀಗೆ ನೂರಾರು ಸಲ ಟ್ರಿಗರ್ ಒತ್ತುವವನಿಗೆ ಪ್ರತಿ ಸಲವೂ ಒಂದೇ ರೀತಿ ಹೊತ್ತಿಕೊಳ್ಳುವ ಯಂತ್ರ ಬೇಕು. ಡ್ಯೂಟಿ ಸೈಕಲ್, ಅಂದರೆ ಯಂತ್ರ ಅತಿಯಾಗಿ ಬಿಸಿಯೇರದೆ ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಬೆಸೆಯಬಲ್ಲದು ಎಂಬ ಅಳತೆ, ಇಲ್ಲಿ ದೊಡ್ಡ ಚಿಂತೆಯಲ್ಲ, ಏಕೆಂದರೆ ಶೇ 30 ಎಂದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ, ಬಾಡಿ ಕೆಲಸದಲ್ಲಿ ಅಷ್ಟು ಸಹ ಸತತವಾಗಿ ಬೆಸೆಯುವುದಿಲ್ಲ.

ಕರಗದ ಟಂಗ್‌ಸ್ಟನ್ ಮೊನೆಯಿಂದ ಲೋಹ ಕರಗಿಸಿ, ತುಂಬುವ ತಂತಿಯನ್ನು ಇನ್ನೊಂದು ಕೈಯಿಂದ ಕೊಡುವ ಟಿಗ್ ಯಂತ್ರದ ಬೆಸುಗೆ ಮೆದುವಾಗಿದ್ದು ಸುತ್ತಿಗೆಯಿಂದ ತಟ್ಟಿ ಸಮ ಮಾಡಲು ಬರುತ್ತದೆ, ಆದರೆ ಅದಕ್ಕೆ ಚೊಕ್ಕ ಲೋಹ, ಎರಡೂ ಕೈ ಮತ್ತು ಬಹಳ ತಾಳ್ಮೆ ಬೇಕು. ಅಲ್ಯೂಮಿನಿಯಂ ಬೆಸೆಯುವವರು ಎಸಿ (ಪರ್ಯಾಯ ವಿದ್ಯುತ್) ಸೌಲಭ್ಯವಿರುವುದನ್ನೇ ನೋಡಿಕೊಳ್ಳಬೇಕು.

ಕೊಳ್ಳುವ ಮೊದಲು ಹಳೆಯ ಬಾನೆಟ್ಟಿನಿಂದ ಕತ್ತರಿಸಿದ ಎರಡು ತುಂಡುಗಳ ಬಣ್ಣವನ್ನು ಗ್ರೈಂಡರಿನಿಂದ ತೆಗೆದು ಜೊತೆಗೆ ಒಯ್ಯಿರಿ. ಅವುಗಳನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ. ಕ್ಲೋರಿನ್ ಇರುವ ಬಗೆಯದಾದರೆ ಬೆಸೆಯುವಾಗ ಮಾರಕ ವಿಷಾನಿಲ ಹುಟ್ಟುತ್ತದೆ. ತುಂಡುಗಳನ್ನು ಅಂಚಿಗೆ ಅಂಚು ಜೋಡಿಸಿ, ಕನಿಷ್ಠ ಕರೆಂಟಿನ ಹತ್ತಿರ ಒಂದೊಂದು ಸೆಕೆಂಡಿನ ಐದಾರು ಚುಕ್ಕೆ ಇಟ್ಟು ಹಿಂಬದಿ ತಿರುಗಿಸಿ ನೋಡಿ: ಪ್ರತಿ ಚುಕ್ಕೆಯ ಹಿಂದೆ ತೂತಿಲ್ಲದ ಪುಟ್ಟ ಉಬ್ಬು ಸಮನಾಗಿ ಎದ್ದಿದ್ದರೆ ಆ ಯಂತ್ರವನ್ನು ಮನೆಗೆ ತರಬಹುದು.