‘ಈ ಕೆಲಸ ನನಗೆ ಬೇಕು’ ಎನ್ನಲು ಸಂಕೋಚವೇಕೆ?

ಸಂದರ್ಶನದ ಕೊನೆಗೆ ‘ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?’ ಎಂದು ಕೇಳಿದ್ದೇ ತಡ, ಕೆಲಸ ಕೇಳಿ ಬಂದವರು ಫೈಲು ಎದೆಗವಚಿಕೊಂಡು ‘ಏನಿಲ್ಲ ಸರ್, ಥ್ಯಾಂಕ್ಯೂ’ ಎನ್ನುತ್ತ ಬಾಗಿಲ ಕಡೆ ಹೊರಟುಬಿಡುತ್ತಾರೆ. ಇಷ್ಟು ವರ್ಷ ನೇಮಕಾತಿ ಮಾಡಿದ ಮೇಲೂ ಅವರನ್ನು ಕೂಗಿ ವಾಪಸ್ ಕರೆಯೋಣ ಅನ್ನಿಸುತ್ತದೆ. ಅರ್ಧ ಗಂಟೆ ಚೆನ್ನಾಗಿಯೇ ಮಾತಾಡಿರುತ್ತಾರೆ. ಕೆಲಸ ಬೇಕು ಅನ್ನುವ ಒಂದು ಮಾತು ಮಾತ್ರ ಬಾಯಿಂದ ಹೊರಟಿರುವುದಿಲ್ಲ.

‘ಸಂದರ್ಶನಕ್ಕೆ ಬಂದಿದ್ದೀನಿ ಅಂದ್ಮೇಲೆ ಬೇಕು ಅಂತಾನೇ ಅಲ್ವಾ?’ ಎಂದು ನನ್ನನ್ನೇ ಕೇಳುತ್ತಾರೆ. ಖಂಡಿತ ಹಾಗಿಲ್ಲ. ಅನುಭವಕ್ಕೆಂದು ಬರುವವರಿದ್ದಾರೆ, ಇರುವ ಕಡೆ ಸಂಬಳ ಏರಿಸಿಕೊಳ್ಳಲು ಆಫರ್ ಹುಡುಕುತ್ತ ಬರುವವರಿದ್ದಾರೆ. ನಿಮ್ಮ ಮನಸ್ಸು ನಮಗೆ ಗೊತ್ತಾಗುವುದಾದರೂ ಹೇಗೆ?

ಬೇಡುವುದು ಬೇರೆ, ಬೇಕು ಎನ್ನುವುದು ಬೇರೆ. ‘ಹೇಗಾದ್ರೂ ಮಾಡಿ ಕೊಡಿ ಸರ್, ಮನೇಲಿ ಕಷ್ಟ’ ಅಂದಾಗ ಕೇಳಿದವರಿಗೂ ಸಂಕಟವಾಗುತ್ತದೆ, ಆದರೆ ನಾವು ತುಂಬುವ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ. ‘ನಾನು ಸೆಲೆಕ್ಟ್ ಆದ್ನಾ?’ ಎಂದೂ ಕೇಳಬೇಡಿ. ಉಳಿದವರನ್ನು ನೋಡುವ ಮೊದಲು ಯಾರೂ ಉತ್ತರ ಕೊಡಲಾರರು.

ಒಮ್ಮೆ ಗೋದಾಮಿನ ಲೆಕ್ಕ ನೋಡುವ ಹುದ್ದೆಗೆ ಬಂದಿದ್ದ ಹುಡುಗಿ ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡೇ ಹೇಳಿದಳು: ‘ಪುಸ್ತಕದ ಲೆಕ್ಕಕ್ಕೂ ಒಳಗಿರೋ ಸರಕಿಗೂ ತಾಳೆಯಾಗ್ತಿಲ್ಲ ಅಂದ್ರಲ್ಲ ಸರ್, ಹಿಂದಿನ ಕಡೆ ನಾನು ಮಾಡ್ತಿದ್ದದ್ದು ಅದೇ ಕೆಲಸ. ಇಲ್ಲೂ ಅದನ್ನ ಮಾಡೋಕೆ ನನಗೆ ಇಷ್ಟ, ಈ ಕೆಲಸ ನನಗೆ ಬೇಕು. ನನ್ನ ವಿಷಯದಲ್ಲಿ ಏನಾದ್ರೂ ಅನುಮಾನ ಇದ್ರೆ ಈಗಲೇ ಕೇಳಿಬಿಡಿ.’ ನನ್ನ ಪಕ್ಕದವರು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು, ಮತ್ತೆ ತೆಗೆದರು. ಅನುಮಾನ ಇತ್ತು, ನಮ್ಮ ಸಾಫ್ಟ್‌ವೇರ್ ಅವಳಿಗೆ ಹೊಸದು. ಕೇಳಿದೆವು. ಹಿಂದೆ ಇಂಥದ್ದೇ ಒಂದನ್ನು ಹೇಗೆ ಕಲಿತೆ ಎಂದು ಬಿಡಿಸಿ ಹೇಳಿದಳು. ಅವಳು ಸುಮ್ಮನೆ ಹೋಗಿದ್ದರೆ ಆ ಅನುಮಾನ ಬಾಗಿಲು ಮುಚ್ಚಿದ ಮೇಲೆ ಹಾಳೆಗೆ ಇಳಿಯುತ್ತಿತ್ತು, ಅದಕ್ಕೆ ಉತ್ತರ ಕೊಡಲು ಅವಳು ಎದುರಿಗೆ ಇರುತ್ತಿರಲಿಲ್ಲ.

ಹೀಗೆ ಕೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಬರೀ ಅಂಕಗಳ ಮೇಲೆ ನಡೆಯುವ ಆಯ್ಕೆಯಲ್ಲಿ ಇದರಿಂದ ಹೆಚ್ಚೇನೂ ಆಗದು. ಸಂದರ್ಶನದ ನಡುವೆಯೇ ಈ ಕೆಲಸ ಬೇಡ ಅನ್ನಿಸಿದ್ದರೆ ದಯವಿಟ್ಟು ಬೇಕು ಎನ್ನಲೂ ಬೇಡಿ.

ಹೊರಡುವಾಗ ಯಾವತ್ತಿಗೆ ತಿಳಿಸುತ್ತೀರಿ ಎಂದು ಕೇಳಿ, ತಾರೀಖು ಬರೆದುಕೊಳ್ಳಿ. ಅದು ದಾಟಿದ ಮೇಲೆ ಒಂದು ಫೋನ್ ಮಾಡಿದರೆ ನಾನಂತೂ ಬೇಸರ ಮಾಡಿಕೊಂಡಿದ್ದಿಲ್ಲ.