ಕಾರವಾರದ ಹಡಗಿನಿಂದ ಜೋಹಾನ್ಸ್‌ಬರ್ಗ್ ವಿಮಾನದವರೆಗೆ: ದೂರದ ಬೇಟೆಯ ಹಿನ್ನೆಲೆ

ಮುಂಬಯಿಯ ಮಾಟುಂಗಾದ ಒಂದು ಮದುವೆಯಲ್ಲಿ, ಊಟದ ಎರಡನೆಯ ಪಂಕ್ತಿಗೆ ಕಾಯುತ್ತಿದ್ದವರ ನಡುವೆ ಒಂದು ಫೋಟೊ ಮೊಬೈಲಿನಿಂದ ಮೊಬೈಲಿಗೆ ದಾಟಿತು. ಮುಂಬಯಿಯಲ್ಲಿ ವ್ಯಾಪಾರ ಮಾಡಿಕೊಂಡಿರುವ ಕನ್ನಡಿಗರೊಬ್ಬರು ದಕ್ಷಿಣ ಆಫ್ರಿಕದ ಒಣಹುಲ್ಲಿನ ಬಯಲಿನಲ್ಲಿ, ಕೇಪ್ ಬಫೆಲೊ ಎಂಬ ಅಲ್ಲಿಯ ಕಾಡೆಮ್ಮೆಯ ಹೆಣದ ಹಿಂದೆ ಕೋವಿ ಹಿಡಿದು ಮಂಡಿಯೂರಿ ಕುಳಿತಿದ್ದರು. ಇವರಿಗೆ ಜೈಲು ತಪ್ಪಿದ್ದಲ್ಲ ಎಂದು ಒಬ್ಬರು ಹೇಳಿದರು. ಅಲ್ಲಿ ದುಡ್ಡು ಕಟ್ಟಿದರೆ ಎಲ್ಲವೂ ಸಲೀಸು ಎಂದರು ಇನ್ನೊಬ್ಬರು. ಮೂರನೆಯವರಂತೂ, ಇಂಥ ಬೇಟೆಗಾರರಿಂದಲೇ ಆ ಕಾಡುಗಳು ಉಳಿದುಕೊಂಡಿವೆ ಎಂದು ವಾದಕ್ಕೇ ಇಳಿದರು. ಮೂರು ಮಾತುಗಳಲ್ಲಿಯೂ ಒಂದಿಷ್ಟು ನಿಜವಿದೆ, ಆದರೆ ಯಾವುದೂ ಪೂರ್ತಿ ನಿಜವಲ್ಲ. ಈ ಗೋಜಲನ್ನು ಬಿಡಿಸಲು ಆಫ್ರಿಕದಿಂದ ಹೊರಡುವುದಕ್ಕಿಂತ ಮುಂಬಯಿಯಿಂದಲೇ ಹೊರಡುವುದು ಲೇಸು.

ಬೇಟೆ ನಮಗೆ ಹೊಸದಲ್ಲ. ಹತ್ತನೆಯ ಶತಮಾನದ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನಿಂತ ಕಲ್ಲು. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ ಮದುಮಗನ ಮರ್ಯಾದೆ ಕೊಟ್ಟು ನರಿ ಮಂಗಲ ನಡೆಸುತ್ತಿದ್ದರು (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ). ಮಲೆನಾಡಿನಲ್ಲಿ ಊರವರು ಹಳು ನುಗ್ಗಿ, ಅಂದರೆ ಪೊದೆಗಳಿಂದ ಪ್ರಾಣಿಯನ್ನು ಎಬ್ಬಿಸಿ, ಅದು ಬರುವ ದಾರಿಯಲ್ಲಿ ಕಾದು ಬಿಲ್ಲಿಗೆ ನಿಂತು ಹೊಡೆದ ಹಂದಿಯನ್ನು ಪಾಲು ಹಾಕಿಕೊಳ್ಳುತ್ತಿದ್ದರು. ಇವೆಲ್ಲ ನಡೆದು ಹೋಗಿ ಸಂಜೆಗೆ ಮನೆಗೆ ಮರಳುವಷ್ಟು ದೂರದ ಬೇಟೆಗಳು. ಇಲ್ಲಿ ಹೇಳಹೊರಟಿರುವುದು ಬೇರೆಯದೇ ಬಗೆ: ವರ್ಷಗಟ್ಟಲೆ ಕನಸು ಕಂಡು, ಹಡಗನ್ನೋ ವಿಮಾನವನ್ನೋ ಏರಿ, ಮತ್ತೊಬ್ಬರ ಕಾಡಿಗೆ ಹೋಗಿ, ಮಾಂಸವನ್ನು ಅಲ್ಲಿಯೇ ಬಿಟ್ಟು ತಲೆಯನ್ನು ಮಾತ್ರ ಮನೆಗೆ ತರುವ ಬೇಟೆ.

ಈ ಬಗೆಯ ಬೇಟೆಗೆ ಮುಂಬಯಿ ಬಹುಕಾಲ ಹೆಬ್ಬಾಗಿಲಾಗಿತ್ತು. 1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಸೇರಿ ಹುಟ್ಟುಹಾಕಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಂದು ಸಂರಕ್ಷಣೆಗೆ ಹೆಸರಾಗಿದೆಯಾದರೂ, ಅದರ ಆರಂಭದ ಸದಸ್ಯರಲ್ಲಿ ಅನೇಕರು ಶಿಕಾರಿಗಳೇ ಆಗಿದ್ದರು, ಅದರ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ ಕೊಂಬಿನ ಅಳತೆಯೂ ಹುಲಿಯ ಉದ್ದದ ಜಗಳವೂ ಹಕ್ಕಿಗಳ ವಿವರಗಳ ಜೊತೆಗೇ ಅಚ್ಚಾಗುತ್ತಿದ್ದವು. ಅವರು ರಜೆ ಹಾಕಿ ಹೋಗುತ್ತಿದ್ದ ಕಾಡುಗಳಲ್ಲಿ ನಮ್ಮದೂ ಒಂದು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮುಂಬಯಿಯ ಆಡಳಿತದಲ್ಲೇ ಇತ್ತು. ಕರಾವಳಿಯ ಸ್ಟೀಮರ್ ಹತ್ತಿ ಕಾರವಾರದಲ್ಲಿ ಇಳಿದರೆ ಮುಂದೆ ಸೂಪಾ, ದಾಂಡೇಲಿ, ಯಲ್ಲಾಪುರದ ಕಾಡುಗಳು. ಹೀಗೆ ಮುಂಬಯಿಯ ಸಾಹೇಬರ ಕನಸಿನ ದೂರದ ಕಾಡು ಎಂದರೆ ನಮ್ಮ ಅಜ್ಜಂದಿರ ಹಿತ್ತಿಲು. ಹೆಜ್ಜೆಯ ಜಾಡು ಗುರುತಿಸಲು, ಮರದ ಮೇಲೆ ಮಚಾನು ಕಟ್ಟಲು, ಗಾಯಗೊಂಡ ಪ್ರಾಣಿಯ ಹಿಂದೆ ಮುಳ್ಳುಕಂಟಿಯೊಳಗೆ ಮೊದಲು ನುಗ್ಗಲು ಕಾಡಂಚಿನ ಊರವರೇ ಬೇಕಾಗುತ್ತಿತ್ತು. ಇಂಗ್ಲಿಷರು ಇವರನ್ನೂ ಶಿಕಾರಿ ಎಂದೇ ಕರೆದರು. ಆದರೆ ಫೋಟೊದ ಅಡಿಬರಹದಲ್ಲಿ ಹೆಸರು ಬರುತ್ತಿದ್ದುದು ಕೋವಿ ಹಿಡಿದವನದು ಮಾತ್ರ.

ಮೈಸೂರು ಸಂಸ್ಥಾನ ಅತಿಥಿಗಳಿಗೆ ಬೇರೊಂದು ಸಡಗರವನ್ನೇ ಒದಗಿಸಿತು: 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ರೂಪಿಸಿದ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಅಟ್ಟಿ ಸೆರೆಹಿಡಿಯುವ ವ್ಯವಸ್ಥೆ, ವೈಸರಾಯರಿಗೂ ರಾಜಕುಮಾರರಿಗೂ ಕಾಕನಕೋಟೆಯಲ್ಲಿ ತೋರಿಸುವ ಪ್ರದರ್ಶನವಾಗಿ ಬೆಳೆದು, 1971ರಲ್ಲಿ ಕೊನೆಯ ಬಾರಿ ನಡೆಯಿತು.

ಅದೇ ಕಾಲಕ್ಕೆ ಪೂರ್ವ ಆಫ್ರಿಕದ ಬಾಗಿಲೂ ತೆರೆಯುತ್ತಿತ್ತು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಭಾರತದಿಂದ 30,000ಕ್ಕೂ ಹೆಚ್ಚು ಕೂಲಿಗಳು ಹೋದರು. ಆ ಹಾದಿಯ ತ್ಸಾವೊದಲ್ಲಿ 1898ರಲ್ಲಿ ಎರಡು ಸಿಂಹಗಳಿಗೆ ಆಹಾರವಾದವರಲ್ಲಿ ಅವರೂ ಇದ್ದರು. ಅವರು ಹಾಕಿದ ಹಳಿಯ ಮೇಲೆಯೇ ಮುಂದೆ ಹಣವಂತ ಬೇಟೆಗಾರರು ಬಂದರು. ಅಮೆರಿಕದ ಅಧ್ಯಕ್ಷಗಿರಿಯಿಂದ ಇಳಿದ ಥಿಯೊಡೋರ್ ರೂಸ್ವೆಲ್ಟ್ 1909ರಲ್ಲಿ ಅಲ್ಲಿಗೆ ಹೋಗಿ, ಮಗನೊಡನೆ ಸೇರಿ 512 ಪ್ರಾಣಿಗಳನ್ನು ಹೊಡೆದರು. ಪ್ರಯಾಣ ಎಂಬ ಅರ್ಥದ ಅರಬ್ಬಿಯ ಸಫರ್ ಸ್ವಾಹಿಲಿಯಲ್ಲಿ ಸಫಾರಿಯಾಗಿ ಜಗತ್ತನ್ನು ಸುತ್ತಿದ್ದು ಆ ಕಾಲದಲ್ಲಿ. ನಮ್ಮಲ್ಲಿಗೆ ಆ ಪದ ಬಂದದ್ದು ಸೂಟಿನ ರೂಪದಲ್ಲಿ ಎಂಬುದು ಬೇರೆ ಮಾತು.

ಸ್ವಾತಂತ್ರ್ಯದೊಂದಿಗೆ ಬೇಟೆ ನಿಂತಿತು ಎಂದು ಹಲವರು ನಂಬಿದ್ದಾರೆ. ನಿಜದಲ್ಲಿ 1947ರಿಂದ 1970ರ ನಡುವಿನ ಕಾಲವೇ ಹುಲಿಯ ಪಾಲಿಗೆ ಅತ್ಯಂತ ಕೆಟ್ಟ ಕಾಲಗಳಲ್ಲಿ ಒಂದು. ಅದುವರೆಗೆ ರಾಜರ, ಅಧಿಕಾರಿಗಳ ಸೊತ್ತಾಗಿದ್ದ ಬೇಟೆ ಈಗ ಮಾರಾಟಕ್ಕೆ ಸಿಗುವ ಸರಕಾಯಿತು. ಮಧ್ಯ ಭಾರತದಲ್ಲಿ ಶಿಕಾರಿ ಕಂಪನಿಗಳು ತಲೆಯೆತ್ತಿದವು. ಅರಣ್ಯ ಇಲಾಖೆಯಿಂದ ನಿಗದಿತ ದಿನಗಳಿಗೆ ಕಾಡಿನ ಒಂದು ಭಾಗವನ್ನು, ಅಂದರೆ ಬ್ಲಾಕ್, ಪಡೆದು, ಕೋಣದ ಕರುವನ್ನು ಕಟ್ಟಿ, ಮಚಾನು ಹಾಕಿ, ಅಮೆರಿಕದಿಂದ ಬಂದ ಗಿರಾಕಿಯನ್ನು ಹುಲಿಯ ಮುಂದೆ ಕೂರಿಸುವವರೆಗಿನ ಸಕಲ ಜವಾಬ್ದಾರಿಯೂ ಅವುಗಳದು. ಹೊಸ ದೇಶಕ್ಕೆ ವಿದೇಶಿ ವಿನಿಮಯದ ಹಸಿವಿತ್ತು, ಹುಲಿ ಡಾಲರ್ ತರುತ್ತಿತ್ತು. ಯುದ್ಧಾನಂತರ ಅಗ್ಗವಾಗಿ ದೊರೆತ ಜೀಪು ಮತ್ತು ಅದಕ್ಕೆ ಕಟ್ಟಿದ ಸ್ಪಾಟ್‌ಲೈಟ್, ಕಾಲ್ನಡಿಗೆಯ ಬೇಟೆಯಲ್ಲಿ ಪ್ರಾಣಿಗಿದ್ದ ಒಂದಿಷ್ಟು ಅವಕಾಶವನ್ನೂ ಕಸಿದುಕೊಂಡವು.

ಹಾಗೆಂದು ಎಲ್ಲ ಹೊಣೆಯನ್ನೂ ಶಿಕಾರಿ ಕಂಪನಿಗಳ ತಲೆಗೆ ಕಟ್ಟುವುದು ಅನ್ಯಾಯವಾದೀತು. ಕಾಡನ್ನು ಕಡಿದು ಹೊಲ ಮಾಡಿದ್ದು, ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಗಳು, ದನ ಕಳೆದುಕೊಂಡವರು ಸತ್ತ ದನಕ್ಕೆ ಸವರಿದ ಕೀಟನಾಶಕ, ಹುಲಿ ಮತ್ತು ಚಿರತೆಯ ಚರ್ಮದ ಕೋಟು ತೊಡುವ ವಿದೇಶಿ ಫ್ಯಾಷನ್, ಇವೆಲ್ಲವೂ ಒಟ್ಟಿಗೇ ಕೆಲಸ ಮಾಡುತ್ತಿದ್ದವು.

ಸತ್ತ ಹುಲಿಗಳಲ್ಲಿ ಬಹಳಷ್ಟು ಮೈಸೂರಿಗೆ ಬಂದು ಸೇರುತ್ತಿದ್ದವು. ಅಲ್ಲಿಯ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಇಪ್ಪತ್ತನೆಯ ಶತಮಾನದುದ್ದಕ್ಕೂ ದೇಶದ ಹೆಸರಾಂತ ಚರ್ಮಪ್ರಸಾಧನ ಸಂಸ್ಥೆಯಾಗಿತ್ತು. ಅಚ್ಚುಗಳಿಂದ ತೆಗೆದ ಕಾಗದದ ರಟ್ಟಿನ ಮೈಗೆ ಹದ ಮಾಡಿದ ಚರ್ಮವನ್ನು ಹೊಲಿದು, ಗಾಜಿನ ಕಣ್ಣಿಟ್ಟು, ಬಾಯಿ ತೆರೆದು ಗರ್ಜಿಸುವಂತೆ ಮಾಡುವ ಕೆಲಸ ಅವರದು. ಕಾಡಿನಲ್ಲಿ ಬೆನ್ನು ತಿರುಗಿಸಿ ಹೋಗುತ್ತಿದ್ದ ಹುಲಿಯೂ ಮೈಸೂರಿನಿಂದ ಹೊರಡುವಾಗ ಗರ್ಜಿಸುತ್ತಲೇ ಹೊರಡುತ್ತಿತ್ತು. ಕಾನೂನು ಬಿಗಿಯಾದ ಮೇಲೆ ಕೆಲಸ ಕರಗುತ್ತ ಬಂದು ಕಾರ್ಖಾನೆ 1999ರಲ್ಲಿ ಮುಚ್ಚಿತು.

ತಿರುವು ಬಂದದ್ದು 1969ರಲ್ಲಿ ದೆಹಲಿಯಲ್ಲಿ ನಡೆದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಹಾಸಭೆಯಿಂದ. ಮರುವರ್ಷ ಹುಲಿಬೇಟೆಗೆ ದೇಶದಾದ್ಯಂತ ನಿಷೇಧ ಬಂತು. 1972ರ ಗಣತಿ 1,827 ಹುಲಿಗಳನ್ನಷ್ಟೇ ಲೆಕ್ಕ ಹಾಕಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು, 1973ರಲ್ಲಿ ಹುಲಿ ಯೋಜನೆ ಆರಂಭವಾಯಿತು ಮತ್ತು ಅದರ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಸಂಗತಿಯೆಂದರೆ, 1972ರ ಕಾಯ್ದೆ ಬೇಟೆಯನ್ನು ಪೂರ್ತಿ ನಿಲ್ಲಿಸಿರಲಿಲ್ಲ. ಅದರ ಒಂಬತ್ತನೆಯ ಕಲಮಿನಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ, ಸಣ್ಣ ಪ್ರಾಣಿಗಳ ಬೇಟೆಗೆ ಬೇರೆ ಬೇರೆ ಲೈಸೆನ್ಸುಗಳೇ ಇದ್ದವು. ಅವು ಅಳಿದದ್ದು 1991ರ ತಿದ್ದುಪಡಿಯಲ್ಲಿ. ಇನ್ನೊಂದು ತಪ್ಪು ತಿಳಿವಳಿಕೆ ಕೊಡಗಿನದು: ಕೊಡವರಿಗೆ ಕೋವಿಯ ಲೈಸೆನ್ಸಿನಿಂದ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಗೆ ಸಂಬಂಧಿಸಿದ್ದೇ ಹೊರತು, ಅದರಿಂದ ಬೇಟೆಯ ಹಕ್ಕು ದೊರೆಯುವುದಿಲ್ಲ.

ಇಲ್ಲಿ ಬಾಗಿಲು ಮುಚ್ಚಿದಾಗ ಆಸೆ ಇಂಗಿಹೋಗಲಿಲ್ಲ, ದಿಕ್ಕು ಬದಲಿಸಿತು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ದಕ್ಷಿಣ ಆಫ್ರಿಕ ಅದಕ್ಕೆ ವಿರುದ್ಧವಾಗಿ, 1991ರ ಕಾನೂನಿನಿಂದ, ಬೇಲಿ ಹಾಕಿದ ಜಮೀನಿನಲ್ಲಿರುವ ಕಾಡುಪ್ರಾಣಿಯ ಒಡೆತನವನ್ನು ಜಮೀನುದಾರನಿಗೇ ಗಟ್ಟಿಮಾಡಿತು. ದನದ ದೊಡ್ಡಿಗಳಾಗಿದ್ದ ಜಮೀನುಗಳು ಬೇಟೆಯ ಜಮೀನುಗಳಾದವು. ಜಿಂಬಾಬ್ವೆ 1980ರ ದಶಕದ ಕೊನೆಯಲ್ಲಿ, ನಮೀಬಿಯಾ 1996ರಲ್ಲಿ, ಬೇಟೆಯ ಆದಾಯದಲ್ಲಿ ಹಳ್ಳಿಗಳಿಗೆ ಪಾಲು ಕೊಡುವ ವ್ಯವಸ್ಥೆ ತಂದವು. ಇಂದು ಜೋಹಾನ್ಸ್‌ಬರ್ಗ್ ವಿಮಾನ ಹತ್ತುವ ಬೇಟೆಗಾರ ಇಡೀ ಪ್ಯಾಕೇಜನ್ನೇ ಕೊಂಡಿರುತ್ತಾನೆ: ಜೊತೆಗಿರುವ ವೃತ್ತಿಪರ ಬೇಟೆಗಾರ, ಅಂದರೆ ಪಿಎಚ್, ಮತ್ತು ಬಿಡಾರಕ್ಕೆ ದಿನದ ಲೆಕ್ಕದ ಡೈಲಿ ರೇಟ್, ಹೊಡೆದ ಪ್ರಾಣಿಗೆ ತಲಾ ಟ್ರೋಫಿ ಫೀ (ನೆನಪಿಗೆಂದು ಇಟ್ಟುಕೊಳ್ಳುವ ತಲೆ, ಕೊಂಬು, ಚರ್ಮವೇ ಟ್ರೋಫಿ). ಈಡು ತಗಲಿ ಪ್ರಾಣಿ ತಪ್ಪಿಸಿಕೊಂಡರೂ ರಕ್ತದ ಹನಿ ಕಂಡರೆ ಸಾಮಾನ್ಯವಾಗಿ ಟ್ರೋಫಿ ಫೀ ಕಟ್ಟಲೇಬೇಕು.

ಭಾರತದ ವನ್ಯಜೀವಿ ಕಾಯ್ದೆಯ ಕೈ ದೇಶದ ಗಡಿಯಾಚೆಗೆ ಚಾಚುವುದಿಲ್ಲವಾದ್ದರಿಂದ, ಅಲ್ಲಿಯ ಸರಕಾರದ ಪರವಾನಗಿ ಪಡೆದು ಮಾಡಿದ ಬೇಟೆ ಇಲ್ಲಿ ಅಪರಾಧವಾಗುವುದಿಲ್ಲ. ಮದುವೆ ಮನೆಯ ಮೊದಲ ವಾದ ಇಲ್ಲಿ ಬಿದ್ದುಹೋಗುತ್ತದೆ. ಆದರೆ ಆ ಪ್ರಾಣಿಯ ತಲೆಯನ್ನು ಮುಂಬಯಿಗೆ ತರಲು ಹೊರಟ ಕ್ಷಣದಿಂದ ಇಲ್ಲಿಯ ಕಸ್ಟಮ್ಸ್, ಆಮದು ನೀತಿ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, ಭಾರತ 1976ರಲ್ಲಿ ಸೇರಿದ ಸೈಟಿಸ್ ಒಪ್ಪಂದ, ಆ ಒಪ್ಪಂದವನ್ನು ಕಾಯ್ದೆಯೊಳಗೇ ತಂದ 2022ರ ತಿದ್ದುಪಡಿ, ಇವೆಲ್ಲ ಎದುರಾಗುತ್ತವೆ. ಎಂದರೆ ಎರಡನೆಯ ವಾದವೂ ನಿಲ್ಲುವುದಿಲ್ಲ.

ಮೂರನೆಯದು ಕಠಿಣ. 2014ರಲ್ಲಿ ನಮೀಬಿಯಾದ ಒಂದು ಕಪ್ಪು ಘೇಂಡಾಮೃಗದ ಪರವಾನಗಿ ಡಲ್ಲಾಸಿನ ಹರಾಜಿನಲ್ಲಿ 3,50,000 ಡಾಲರಿಗೆ ಹೋಯಿತು. ಮರುವರ್ಷ ಜಿಂಬಾಬ್ವೆಯಲ್ಲಿ ಸೆಸಿಲ್ ಎಂಬ ಸಿಂಹ ಸತ್ತಾಗ ಜಗತ್ತೇ ಕೆರಳಿತು, ಹಲವು ದೇಶಗಳು ಸಿಂಹದ ಟ್ರೋಫಿಗಳ ಆಮದಿಗೆ ತಡೆ ಹಾಕಿದವು. 2014ರಲ್ಲಿ ಬೇಟೆ ನಿಲ್ಲಿಸಿದ್ದ ಬೋಟ್ಸ್‌ವಾನಾ 2019ರಲ್ಲಿ ಅದನ್ನು ಮತ್ತೆ ತೆರೆಯಿತು. ಟ್ರೋಫಿ ಆಮದನ್ನು ಬಿಗಿಗೊಳಿಸುವ ಮಾತಾಡಿದ ಜರ್ಮನಿಗೆ, 20,000 ಆನೆಗಳನ್ನು ಕಳುಹಿಸಿಕೊಡುವೆ, ಸಾಕಿ ನೋಡಿ ಎಂದು ಬೋಟ್ಸ್‌ವಾನಾದ ಅಂದಿನ ಅಧ್ಯಕ್ಷರು 2024ರಲ್ಲಿ ಚುಚ್ಚಿದರು. ಬೇಟೆ ನಿಷೇಧಿಸಿದ ಕೀನ್ಯಾದಲ್ಲಿ 1977ರಿಂದ 2016ರ ನಡುವೆ ಹುಲ್ಲುಗಾವಲಿನ ವನ್ಯಪ್ರಾಣಿಗಳು ಸರಾಸರಿ ಶೇ. 68ರಷ್ಟು ಕುಸಿದವು, ಅದಕ್ಕೆ ಜನಸಂಖ್ಯೆ, ಬೇಲಿ, ದನಕರುಗಳ ಒತ್ತಡವೆಲ್ಲ ಕಾರಣ. ಬೇಟೆಗೆ ಬಿಟ್ಟ ದಕ್ಷಿಣ ಆಫ್ರಿಕದಲ್ಲಿ ಬಿಳಿ ಘೇಂಡಾಮೃಗ ಚೇತರಿಸಿಕೊಂಡಿತು ಎಂಬುದು ನಿಜ. ಅಲ್ಲಿಯೇ ಬೋನಿನಲ್ಲಿ ಸಾಕಿದ ಸಿಂಹಗಳನ್ನು ಬೇಲಿಯೊಳಗೆ ಬಿಟ್ಟು ಹೊಡೆಸುವ ದಂಧೆ ಬೆಳೆದದ್ದೂ ನಿಜ.

ಪಾಕಿಸ್ತಾನದ ಮಾರ್ಖೋರ್ ಕಾಡುಮೇಕೆಯ ಕಥೆ ಈ ಚರ್ಚೆಯಲ್ಲಿ ಹೆಚ್ಚು ಬರಬೇಕಿತ್ತು ಎನಿಸುತ್ತದೆ. ಅಲ್ಲಿ ವರ್ಷಕ್ಕೆ ಬೆರಳೆಣಿಕೆಯ ಪರವಾನಗಿಗಳನ್ನು ದುಬಾರಿ ಬೆಲೆಗೆ ಮಾರಿ, ಹಣದ ದೊಡ್ಡ ಪಾಲನ್ನು ಕಣಿವೆಯ ಊರುಗಳಿಗೆ ಕೊಡಲಾಗುತ್ತದೆ, ಮೇಕೆಗಳೂ ಹೆಚ್ಚಿವೆ. ಸೂಪಾ, ಯಲ್ಲಾಪುರದ ಜಾಡುಗಾರರಿಗೆ ಎಂದೂ ಸಿಗದ ಪಾಲು ಅದು. ಆಫ್ರಿಕದ ಬೇಟೆಯ ಪರವಾಗಿ ಮಾತಾಡುವವರು ಹಳ್ಳಿಗೆ ಎಷ್ಟು ಸೇರುತ್ತದೆ ಎಂಬ ಲೆಕ್ಕವನ್ನು ಮುಂದಿಡಬೇಕು. ಮುಂಬಯಿಯ ಸೋಫಾದ ಮೇಲೆ ಕುಳಿತು ಛೀಮಾರಿ ಹಾಕುವವರು, ಆನೆ ಮೇಯ್ದುಹೋದ ಜೋಳದ ಹೊಲ ಯಾರದೆಂದು ಕೇಳಿಕೊಳ್ಳಬೇಕು.

ಈ ಬರಹಕ್ಕೆ ನಮ್ಮ ಮನೆಯದೂ ಒಂದು ನೆಪವಿದೆ. ಯಲ್ಲಾಪುರದ ನನ್ನ ಸೋದರಮಾವನ ಜಗಲಿಯಲ್ಲಿ, ಅವರ ತಂದೆಯ ಕಾಲದ ಚಿರತೆಯ ತಲೆಯೊಂದು ತೂಗುತ್ತಿತ್ತು. 2003ರಲ್ಲಿ ಸರಕಾರ 180 ದಿನಗಳ ಅವಕಾಶ ಕೊಟ್ಟಾಗ ಮಾವ ಅದನ್ನು ಘೋಷಿಸಿಕೊಂಡು ಕಾಗದಪತ್ರ ಸರಿಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಅದು ಮುಂಬಯಿಯ ಮುಲುಂಡಿನಲ್ಲಿರುವ ಮಗನ, ಅಂದರೆ ನನ್ನ ಭಾವನ, ಪಾಲಿಗೆ ಬಂದಿದೆ. ಅದನ್ನು ಮಾರುವಂತಿಲ್ಲ, ವಾರಸುದಾರನಾದವನು 90 ದಿನಗಳೊಳಗೆ ಅರಣ್ಯ ಇಲಾಖೆಗೆ ತಿಳಿಸಬೇಕು, ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಸಾಗಿಸಿದರೆ 30 ದಿನಗಳೊಳಗೆ ಮತ್ತೆ ವರದಿ ಕೊಡಬೇಕು. ಬೇಡವೆನಿಸಿದರೆ ಏಳು ಕೆಲಸದ ದಿನಗಳ ಮುಂಚೆ ನೋಟಿಸು ಕೊಟ್ಟು, ಪರಿಹಾರವಿಲ್ಲದೆ, ಸರಕಾರಕ್ಕೆ ಒಪ್ಪಿಸುವ ದಾರಿಯನ್ನು 2022ರ ತಿದ್ದುಪಡಿ ತೆರೆದಿದೆ. ಅವನ ಹೆಂಡತಿ ಅದನ್ನು ಮನೆಯೊಳಗೆ ತರಲು ಒಪ್ಪದ ಕಾರಣ ಭಾವ ಈಗ ಕೊನೆಯ ದಾರಿಯನ್ನೇ ಹಿಡಿದಿದ್ದಾನೆ. ನೋಟಿಸಿನಲ್ಲಿ ವಸ್ತುವಿನ ವಿವರ ಬರೆಯುವಾಗ, ಎಡಗಿವಿಯನ್ನು ನುಸಿ ತಿಂದಿರುವುದನ್ನೂ ಸೇರಿಸಬೇಕೇ ಎಂದು ಮೊನ್ನೆ ಫೋನು ಮಾಡಿ ಕೇಳಿದ. ಸೇರಿಸು ಎಂದೆ.